ಹೊಟ್ಟೆಗೆ ಹಾಕಿಕೊಂಡ ಮಾತು

(ಬುಟಿಬೋರಿಯ ಕನ್ನಡ ಕುಟುಂಬಗಳ ಕೂಟದಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಹೊರನಾಡಿನ ಕನ್ನಡ ವೇದಿಕೆಯನ್ನು ಏರಿದವರು ಯಾವ ವಿಷಯವನ್ನು ಕುರಿತು ಮಾತನಾಡಬೇಕೆಂಬುದಕ್ಕೆ ಒಂದು ಸಂಪ್ರದಾಯವೇ ಬೆಳೆದುಬಂದಿದೆ. ಮಹಾಜನ ವರದಿ, ಗಡಿನಾಡಿನ ಕನ್ನಡ ಶಾಲೆಗಳು, ನಮ್ಮ ಮಕ್ಕಳ ನಾಲಗೆಯಿಂದ ಜಾರುತ್ತಿರುವ ನುಡಿ ಇವುಗಳಲ್ಲಿ ಒಂದನ್ನು ಆರಿಸಿಕೊಂಡರೆ ಸಭಿಕರಿಗೂ ಸಮಾಧಾನ, ಭಾಷಣಕಾರರಿಗೂ ಸುಲಭ. ನಾನು ಸೂಚಿಸಿದ ವಿಷಯವನ್ನು ಕೇಳಿ ಕಾರ್ಯದರ್ಶಿಗಳು ತುಸು ಹೊತ್ತು ಸುಮ್ಮನಾದರು. "ಬೊಜ್ಜಿನ ವಿಷಯವೆ? ಅದಕ್ಕೆ ಯಾರಾದರೂ ಡಾಕ್ಟರನ್ನು ಕರೆಯಬಹುದಲ್ಲ?" ಎಂದರು. ಕರೆಯಬಹುದು, ಕರೆಯಬೇಕು ಕೂಡ. ಆದರೆ ಹಸಿವಿಲ್ಲದೆ ತಿನ್ನುವುದು, ತಿಂದದ್ದಕ್ಕೆ ನೊಂದುಕೊಳ್ಳುವುದು, ಆ ನೋವಿಗೆ ಮತ್ತೆ ಡಬ್ಬಿಯ ಮುಚ್ಚಳ ತೆಗೆಯುವುದು, ಈ ಗಾಣದ ಸುತ್ತು ವೈದ್ಯಶಾಸ್ತ್ರಕ್ಕೆ ಎಷ್ಟು ಸಂಬಂಧಿಸಿದೆಯೋ ಪರಸ್ಥಳದ ಬದುಕಿಗೂ ಅಷ್ಟೇ ಸಂಬಂಧಿಸಿದೆ ಎಂಬುದು ನನ್ನ ನಂಬಿಕೆ. ಆದುದರಿಂದ ಇದು ಕನ್ನಡ ಸಂಘದ ವಿಷಯವೂ ಹೌದು.

ಮೊದಲು ಸಮಸ್ಯೆಯ ಗಾತ್ರವನ್ನು ಹೇಳಿಬಿಡುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಎಲ್ಲ ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರಂತೆ ದೇಶದ ವಯಸ್ಕರಲ್ಲಿ ನೂರಕ್ಕೆ 11.4 ಜನರಿಗೆ ಸಕ್ಕರೆ ಕಾಯಿಲೆ, ನೂರಕ್ಕೆ 39.5 ಜನರಿಗೆ ಹೊಟ್ಟೆಯ ಬೊಜ್ಜು. ನಮ್ಮವರ ಕೈಕಾಲು ಸಣ್ಣ, ಹೊಟ್ಟೆ ದೊಡ್ಡದು. ತೂಕದ ಯಂತ್ರ ಗಾಬರಿಯಾಗುವ ಮೊದಲೇ ರಕ್ತದಲ್ಲಿ ಸಕ್ಕರೆ ಏರಿರುತ್ತದೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಮೀರಿದರೆ ಎಚ್ಚರಗೊಳ್ಳಬೇಕೆಂದು ಭಾರತೀಯರಿಗಾಗಿಯೇ ನಿಗದಿಯಾಗಿದೆ. ಅಂಕಿಸಂಖ್ಯೆ ಇಷ್ಟು ಸಾಕು. ಇಲ್ಲಿ ಕುಳಿತವರಲ್ಲಿ ಯಾರೂ ಇನ್ನಷ್ಟು ಅಂಕಿಗಳನ್ನು ಕೇಳಿ ಒಂದು ಚಕ್ಕುಲಿಯನ್ನು ಬಿಡುವುದಿಲ್ಲ.

ಈ ಮಾತನ್ನು ಹಗುರವಾಗಿ ಆಡುತ್ತಿಲ್ಲ. 2025ರ ಜೂನ್ ತಿಂಗಳಲ್ಲಿ ಕೇಂದ್ರ ಆರೋಗ್ಯ ಮಂತ್ರಾಲಯವು ಎಲ್ಲ ಮಂತ್ರಾಲಯ, ಇಲಾಖೆಗಳಿಗೆ ಒಂದು ಪತ್ರ ಬರೆದು, ಕಚೇರಿ, ಕ್ಯಾಂಟೀನುಗಳಲ್ಲಿ ಎಣ್ಣೆ ಮತ್ತು ಸಕ್ಕರೆಯ ಪ್ರಮಾಣವನ್ನು ತಿಳಿಸುವ ಫಲಕಗಳನ್ನು ಹಾಕಬೇಕೆಂದು ಸೂಚಿಸಿತು. ಜುಲೈನಲ್ಲಿ ಈ ಸುದ್ದಿ ನಮ್ಮ ನಾಗಪುರದ ಏಮ್ಸ್ ಸಂಸ್ಥೆಯ ಹೆಸರಿನೊಂದಿಗೆ ದೇಶದ ಪತ್ರಿಕೆಗಳಲ್ಲೆಲ್ಲ ಬಂದದ್ದು ನಿಮಗೆ ನೆನಪಿರಬಹುದು. ಸಮೋಸಾ, ಜಿಲೇಬಿಗಳಿಗೆ ಸಿಗರೇಟಿನಂತೆ ಎಚ್ಚರಿಕೆಯ ಚೀಟಿ ಬರುತ್ತದೆಂದು ಗುಲ್ಲೆದ್ದಿತು. ಅಂತಹ ಆದೇಶವೇನೂ ಇಲ್ಲ, ಇದು ಕೆಲಸದ ಸ್ಥಳಗಳಿಗೆ ನೀಡಿದ ಸಲಹೆ ಮಾತ್ರ ಎಂದು ಮಂತ್ರಾಲಯ ಸ್ಪಷ್ಟನೆ ಕೊಡಬೇಕಾಯಿತು. ಫಲಕ ಒಳ್ಳೆಯದೇ. ಮೂವತ್ತು ವರ್ಷ ಸರ್ಕಾರಿ ಕಡತಗಳ ನಡುವೆ ಕಳೆದವರು ಫಲಕವನ್ನು ಹೇಗೆ ತಾನೇ ವಿರೋಧಿಸಿಯಾರು? ಆದರೆ ಸಂಜೆ ಐದು ಗಂಟೆಗೆ, ಹಿರಿಯ ಅಧಿಕಾರಿಯಿಂದ ಎಲ್ಲರೆದುರು ಮಾತು ಕೇಳಿಸಿಕೊಂಡು ಹೊರಬಂದ ಗುಮಾಸ್ತನ ಕೈ ತಟ್ಟೆಯ ಕಡೆ ಹೋಗುವಾಗ ಅವನ ಕಣ್ಣು ಗೋಡೆಯನ್ನು ನೋಡುತ್ತಿರುವುದಿಲ್ಲ. ಸಮೋಸಾದಲ್ಲಿ ಎಣ್ಣೆ ಇದೆಯೆಂಬುದು ಅವನಿಗೆ ಗೊತ್ತು. ಅವನು ತಿನ್ನುತ್ತಿರುವುದು ಆ ಮಾತನ್ನು.

ಈ ಬಗೆಯ ತಿನ್ನುವಿಕೆಯನ್ನು ಮನಶ್ಶಾಸ್ತ್ರಜ್ಞರು ಬಹಳ ಕಾಲದಿಂದ ಗುರುತಿಸಿದ್ದಾರೆ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸಮಾಡಿದ ಮನೋವೈದ್ಯೆ ಹಿಲ್ಡೆ ಬ್ರೂಖ್, ಕೆಲವರಿಗೆ ಹಸಿವೆಗೂ ಬೇರೆ ಸಂಕಟಗಳಿಗೂ ಇರುವ ವ್ಯತ್ಯಾಸವೇ ತಿಳಿಯದಂತಾಗಿರುತ್ತದೆ ಎಂದು ವಿವರಿಸಿದರು. ಮಗು ಯಾವ ಕಾರಣಕ್ಕೆ ಅತ್ತರೂ ಬಾಯಿಗೆ ಆಹಾರವನ್ನೇ ಇಟ್ಟರೆ, ಎಲ್ಲ ಅಳುವಿಗೂ ಆಹಾರವೇ ಉತ್ತರವೆಂದು ಅದು ಕಲಿಯುತ್ತದೆ. ನಮ್ಮ ಮನೆಗಳಲ್ಲಿ ಬಿದ್ದ ಮಗುವಿಗೆ ಮೊದಲು ಕೊಡುವುದು ಸಕ್ಕರೆಯನ್ನಲ್ಲವೆ? 1986ರಲ್ಲಿ ಹಾಲೆಂಡಿನ ಸಂಶೋಧಕರು ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿ, ಭಾವನೆಯಿಂದ ತಿನ್ನುವವರು, ಕಂಡದ್ದಕ್ಕೆ ಆಸೆಪಟ್ಟು ತಿನ್ನುವವರು, ಸದಾ ತಮ್ಮನ್ನು ಬಿಗಿಹಿಡಿದುಕೊಂಡು ಒಮ್ಮೆ ಸಡಿಲಬಿಡುವವರು ಎಂಬ ಮೂರು ಪ್ರವೃತ್ತಿಗಳನ್ನು ಬೇರೆಬೇರೆಯಾಗಿ ಅಳೆದರು. ಒಬ್ಬರಲ್ಲೇ ಮೂರೂ ಇರಬಹುದು. ಹೊಟ್ಟೆಯ ಹಸಿವು ನಿಧಾನವಾಗಿ ಬರುತ್ತದೆ, ಅನ್ನ ಸಾರಿಗೂ ಒಪ್ಪುತ್ತದೆ, ತುಂಬಿದಾಗ ನಿಲ್ಲುತ್ತದೆ. ಮನಸ್ಸಿನ ಹಸಿವು ಥಟ್ಟನೆ ಬರುತ್ತದೆ. ಕರಿದದ್ದೋ ಸಿಹಿಯೋ ನಿರ್ದಿಷ್ಟವಾದದ್ದನ್ನೇ ಬೇಡುತ್ತದೆ. ಹೊಟ್ಟೆ ತುಂಬಿದರೂ ನಿಲ್ಲುವುದಿಲ್ಲ.

ಇದರಲ್ಲಿ ದೇಹದ ಪಾಲೂ ಇದೆ. ದೀರ್ಘಕಾಲದ ಒತ್ತಡದಲ್ಲಿ ಕಾರ್ಟಿಸಾಲ್ ಎಂಬ ಸ್ರಾವ ಹೆಚ್ಚಿ, ಸಿಹಿ ಮತ್ತು ಜಿಡ್ಡಿನ ಪದಾರ್ಥಗಳ ಕಡೆ ಮನಸ್ಸನ್ನು ಎಳೆಯುತ್ತದೆ, ಹೊಟ್ಟೆಯ ಸುತ್ತ ಕೊಬ್ಬನ್ನು ಕೂಡಿಸುತ್ತದೆ. ಇಲ್ಲಿನ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುವವರು ಈ ಸಭೆಯಲ್ಲಿ ಅನೇಕರಿದ್ದೀರಿ. ನಿಮಗೆ ಇನ್ನೊಂದು ಮಾತು. ಷಿಕಾಗೋದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹನ್ನೆರಡು ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟಾಗ, ತೃಪ್ತಿಯನ್ನು ಸೂಚಿಸುವ ಲೆಪ್ಟಿನ್ ಶೇಕಡ 18ರಷ್ಟು ಇಳಿಯಿತು, ಹಸಿವನ್ನು ಕೆರಳಿಸುವ ಗ್ರೆಲಿನ್ ಶೇಕಡ 28ರಷ್ಟು ಏರಿತು. ಪಾಳಿ ಮುಗಿಸಿ ಬಂದವರಿಗೆ ತರ್ರಿ ಪೋಹೆಯ ಗಾಡಿ ಅಷ್ಟು ಚೆಂದವಾಗಿ ಕಾಣುವುದಕ್ಕೆ ನಾಲಗೆಯ ಚಾಪಲ್ಯವೊಂದೇ ಕಾರಣವಲ್ಲ. ನಿದ್ರೆಯ ಬಾಕಿಯನ್ನು ಹೊಟ್ಟೆ ವಸೂಲಿ ಮಾಡುತ್ತಿರುತ್ತದೆ.

ಚರಕಸಂಹಿತೆಯಲ್ಲಿ ಒಂದು ಕುತೂಹಲದ ಸಂಗತಿಯಿದೆ. ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಅತಿಸ್ಥೂಲತೆಯ ಕಾರಣಗಳನ್ನು ಹೇಳುವಾಗ ಅತಿಯಾದ ಆಹಾರ, ವ್ಯಾಯಾಮವಿಲ್ಲದಿರುವುದು, ಹಗಲುನಿದ್ರೆ, ಬೀಜಸ್ವಭಾವ ಇವುಗಳ ಜೊತೆಗೆ ಸದಾ ಹರ್ಷದಿಂದಿರುವುದು ಮತ್ತು ಚಿಂತೆಯಿಲ್ಲದಿರುವುದು ಇವನ್ನೂ ಸೇರಿಸಿದ್ದಾರೆ. ಚಿಕಿತ್ಸೆಯಲ್ಲಿ ಚಿಂತೆಯನ್ನು ಕ್ರಮವಾಗಿ ಹೆಚ್ಚಿಸಬೇಕೆಂದೂ ಇದೆ! ಆ ಕಾಲದಲ್ಲಿ ಸ್ಥೂಲರಾಗುವ ಭಾಗ್ಯ ನಿಶ್ಚಿಂತ ಶ್ರೀಮಂತರಿಗೆ ಮಾತ್ರ ಇದ್ದಿರಬೇಕು. ಇಂದು ಚಿಂತೆಯುಳ್ಳವರೇ ದಪ್ಪಗಾಗುತ್ತಿದ್ದಾರೆ, ಏಕೆಂದರೆ ಚಿಂತೆ ಹುಟ್ಟಿದ ಮರುಗಳಿಗೆಯಲ್ಲಿ ಹತ್ತು ರೂಪಾಯಿಯ ಪೊಟ್ಟಣ ಕೈಗೆ ಸಿಗುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಇಪ್ಪತ್ತು ಜನರನ್ನು ಇರಿಸಿಕೊಂಡು ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ತಿನಿಸುಗಳನ್ನು ಕೊಟ್ಟ ಎರಡು ವಾರ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಬಡಿಸಿದ ಊಟಗಳಲ್ಲಿ ಸಕ್ಕರೆ, ಉಪ್ಪು, ಜಿಡ್ಡುಗಳನ್ನು ಎರಡೂ ಪಾಳಿಯಲ್ಲಿ ಸರಿದೂಗಿಸಿದ್ದರೂ ಹೀಗಾಯಿತು.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಭಾಷೆಯನ್ನು ಸ್ವಲ್ಪ ಗಮನಿಸಿ. ಅಸೂಯೆಗೆ ನಾವು ಹೊಟ್ಟೆಕಿಚ್ಚು ಎನ್ನುತ್ತೇವೆ. ಸಂಕಟಕ್ಕೆ ಹೊಟ್ಟೆ ಉರಿ ಎನ್ನುತ್ತೇವೆ. ಹರಸುವಾಗ ನಿನ್ನ ಹೊಟ್ಟೆ ತಣ್ಣಗಿರಲಿ. ಮರುಕ ಹುಟ್ಟಿದರೆ ಕರುಳು ಚುರ್ರೆನ್ನುತ್ತದೆ. ಕ್ಷಮೆ ಕೇಳುವಾಗ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ ಎನ್ನುತ್ತೇವೆ. ಅವಮಾನವನ್ನು ನುಂಗುತ್ತೇವೆ, ಪೆಟ್ಟನ್ನು ತಿನ್ನುತ್ತೇವೆ, ಬೈಗುಳವನ್ನೂ ತಿನ್ನುತ್ತೇವೆ. ಕನ್ನಡಿಗನ ಮನಸ್ಸು ಹೊಟ್ಟೆಯಲ್ಲಿದೆ ಎಂದು ಯಾರಾದರೂ ಭಾಷಾಶಾಸ್ತ್ರಜ್ಞರು ಪ್ರಬಂಧ ಬರೆಯಬಹುದು. ನಾನು ಹೇಳುವುದು ಅದಕ್ಕಿಂತ ಸರಳ. ನಮ್ಮ ಹಿರಿಯರಿಗೆ ಈ ಭಾವಗಳಿಗೆ ಪ್ರತ್ಯೇಕ ಹೆಸರುಗಳಿದ್ದವು. ದುಗುಡ, ಉಮ್ಮಳ, ಕಸಿವಿಸಿ, ತಳಮಳ, ಬೇಸರ, ನಮ್ಮ ಧಾರವಾಡದ ಕಡೆಯ ಹಳಹಳಿ. ಜೊತೆಗೆ ಹಸಿವೆ ಬೇರೆ, ಬಾಯಿಚಪಲ ಬೇರೆ, ಸುಮ್ಮನೆ ಬಾಯಾಡಿಸುವುದು ಬೇರೆ ಎಂಬ ವಿವೇಚನೆಯೂ ಇತ್ತು. ಮುಸ್ಸಂಜೆಯಲ್ಲಿ ಕಟ್ಟೆಯ ಮೇಲೆ ಕುಳಿತು, "ಯಾಕೋ ಮನಸ್ಸು ಕಸಿವಿಸಿ ಅನ್ನುತ್ತದೆ" ಎಂದರೆ ಕೇಳಿಸಿಕೊಳ್ಳುವ ಇನ್ನೊಂದು ಜೀವ ಪಕ್ಕದಲ್ಲಿರುತ್ತಿತ್ತು. ಆಗ ಅದು ಮಾತಾಗಿ ಹೊರಹೋಗುತ್ತಿತ್ತು.

ಇಲ್ಲಿ ಏನಾಗಿದೆ? ಬುಟಿಬೋರಿಯ ಕಾರ್ಖಾನೆಯಲ್ಲಿ ನಮ್ಮ ಮಾತು ಹಿಂದಿ, ಕಾಗದಪತ್ರಕ್ಕೆ ಇಂಗ್ಲಿಷ್, ಬಾಜಾರಿನಲ್ಲಿ ಅರೆಬರೆ ಮರಾಠಿ. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಮಕ್ಕಳು ಹಿಂದಿಯಲ್ಲಿ ಉತ್ತರಿಸುತ್ತಾರೆ. ಆ ಮೂರು ಭಾಷೆಗಳಲ್ಲೂ ನಾವು ವ್ಯವಹಾರ ಮಾಡಬಲ್ಲೆವು. ಉಮ್ಮಳಕ್ಕೆ ಆ ಭಾಷೆಗಳಲ್ಲಿ ಏನೆನ್ನುತ್ತಾರೆಂದು ನಿಮ್ಮಲ್ಲಿ ಎಷ್ಟು ಜನ ಬಲ್ಲಿರಿ? ದಿನವೆಲ್ಲ ಹಿಂದಿಯಲ್ಲಿ ನುಂಗಿದ್ದು ಕನ್ನಡದಲ್ಲಿ ಹೊರಬರಲು ದಾರಿಯಿಲ್ಲದೆ ಒಳಗೇ ಉಳಿಯುತ್ತದೆ. ರಾತ್ರಿ ಹತ್ತು ಗಂಟೆಗೆ ಊರಿನಿಂದ ಬಂದ ಡಬ್ಬಿ ನೆನಪಾಗುತ್ತದೆ: ಚಕ್ಕುಲಿ, ಕೋಡುಬಳೆ, ಧಾರವಾಡದ ಪೇಡೆ, ಗೋಕಾಕದ ಕರದಂಟು, ಬೆಳಗಾವಿಯ ಕುಂದಾ. ಬಾಯಿಗೆ ಉಳಿದಿರುವ ಕನ್ನಡ ಅದೊಂದೇ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ಎಲ್ಲ ವೈದ್ಯರೂ ಹೇಳುತ್ತಾರೆ, ಅಲ್ಲಿಗೇ ನಿಲ್ಲಿಸುತ್ತಾರೆ. ಅದರ ಉತ್ತರಾರ್ಧ ಮಾತು ಬಲ್ಲವನನ್ನು ಕುರಿತದ್ದು. ಗಾದೆ ಕಟ್ಟಿದವರು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ಕಾಕತಾಳೀಯವಲ್ಲವೆಂದು ನನಗೆ ತೋರುತ್ತದೆ.

ಇದು ಭಾವುಕ ಕಲ್ಪನೆಯೆಂದು ತಳ್ಳಿಹಾಕಬೇಡಿ. ತಮ್ಮ ಭಾವನೆಗಳಿಗೆ ಹೆಸರಿಡಲು ಕಷ್ಟಪಡುವವರಲ್ಲಿ ಭಾವನೆಯಿಂದ ತಿನ್ನುವ ಪ್ರವೃತ್ತಿ ಹೆಚ್ಚೆಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. ಲಾಸ್ ಏಂಜಲೀಸಿನ ಸಂಶೋಧಕರು 2007ರಲ್ಲಿ ತೋರಿಸಿದಂತೆ, ಎದುರಿಗಿರುವ ಚಿತ್ರದ ಮುಖದಲ್ಲಿ ಕಾಣುವ ಭಾವಕ್ಕೆ ಒಂದು ಹೆಸರು ಕೊಟ್ಟರೂ ಸಾಕು, ಮೆದುಳಿನಲ್ಲಿ ಭಯ ಕಳವಳಗಳಿಗೆ ಸಂಬಂಧಿಸಿದ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗುತ್ತದೆ. ಇನ್ನು ಯಾವ ಭಾಷೆಯ ಹೆಸರು? ಮೊದಲು ಟರ್ಕಿಷ್ ಕಲಿತು ಆಮೇಲೆ ಇಂಗ್ಲಿಷ್ ಕಲಿತವರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಬಾಲ್ಯದಲ್ಲಿ ಕೇಳುವಂತಹ ಗದರಿಕೆಯ ಮಾತುಗಳನ್ನು ಎರಡೂ ಭಾಷೆಗಳಲ್ಲಿ ಕೇಳಿಸಿ ಚರ್ಮದ ಬೆವರಿನ ಸೂಕ್ಷ್ಮ ಬದಲಾವಣೆಯನ್ನು ಅಳೆದರು. ಮಾತೃಭಾಷೆಯ ಗದರಿಕೆಗೆ ಮೈ ಹೆಚ್ಚು ಮಿಡಿಯಿತು. ಗದರಿಕೆಗೆ ಮಿಡಿಯುವ ಮೈ ಸಾಂತ್ವನಕ್ಕೂ ಮಿಡಿಯದೆ?

ನನ್ನ ವಿಷಯವನ್ನೂ ಎರಡು ಮಾತಿನಲ್ಲಿ ಹೇಳಬೇಕು, ಇಲ್ಲದಿದ್ದರೆ ಇದು ಪುಸ್ತಕದ ಪಾಂಡಿತ್ಯವಾದೀತು. ನಾಗಪುರಕ್ಕೆ ವರ್ಗವಾದಾಗ ಮಕ್ಕಳ ಓದಿನ ಕಾರಣ ಸಂಸಾರ ಧಾರವಾಡದಲ್ಲೇ ಉಳಿಯಿತು. ಸರ್ಕಾರಿ ವಸತಿಗೃಹದಲ್ಲಿ ಒಂಟಿ ಬದುಕು. ನನ್ನ ತೂಕ 93 ಕಿಲೋ ಮುಟ್ಟಿತು. ಪ್ರತಿ ತಿಂಗಳೂ ಊರಿನಿಂದ ತಾಯಿ ಮಾಡಿದ ಚಕ್ಕುಲಿಯ ಡಬ್ಬಿ ಬರುತ್ತಿತ್ತು. 2018ರಲ್ಲಿ ತಾಯಿ ತೀರಿಕೊಂಡರು. ಡಬ್ಬಿ ನಿಲ್ಲಬಾರದೆಂದು ನನ್ನ ತಮ್ಮ ಅಂಗಡಿಯಿಂದ ಕೊಂಡು ಕಳುಹಿಸತೊಡಗಿದ. ಅದಕ್ಕೆ ರುಚಿಯಿರಲಿಲ್ಲ, ಒಮ್ಮೊಮ್ಮೆ ಕಮಟು ವಾಸನೆಯೂ ಇರುತ್ತಿತ್ತು. ಆದರೂ ಅದು ಮೊದಲಿನಷ್ಟೇ ದಿನಗಳಲ್ಲಿ ಖಾಲಿಯಾಗುತ್ತಿತ್ತು. ಹಾಗಾದರೆ ನನಗೆ ಬೇಕಾದದ್ದು ಚಕ್ಕುಲಿಯಲ್ಲವೆಂಬುದು ಆಗ ಗೊತ್ತಾಯಿತು.

ಆಮೇಲೆ ಒಂದು ನೋಟುಬುಕ್ಕನ್ನು ಇಟ್ಟೆ. ತಿಂದ ಪದಾರ್ಥದ ಕ್ಯಾಲೊರಿ ಬರೆಯುವ ಪುಸ್ತಕವಲ್ಲ. ಡಬ್ಬಿಯ ಕಡೆ ಕೈ ಹೋದಾಗ ಗಂಟೆ ಎಷ್ಟು, ಅದಕ್ಕೆ ಸ್ವಲ್ಪ ಮುಂಚೆ ಏನು ನಡೆಯಿತು, ಆ ಹೊತ್ತಿನ ಭಾವಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂಬ ಮೂರು ವಿವರ. ತಿನ್ನಬಾರದೆಂಬ ನಿಯಮವಿರಲಿಲ್ಲ, ಬರೆದ ಮೇಲೆ ತಿನ್ನಬಹುದಿತ್ತು. ಮೊದಲ ವಾರಗಳಲ್ಲಿ ಎಲ್ಲಕ್ಕೂ 'ಬೇಸರ' ಎಂದೇ ಬರೆದೆ. ಬರಬರುತ್ತಾ ಬೇಸರದೊಳಗಿನಿಂದ ಬೇರೆ ಬೇರೆ ಮುಖಗಳು ಕಾಣತೊಡಗಿದವು. ಮಂಗಳವಾರದ ಪರಿಶೀಲನಾ ಸಭೆಯ ನಂತರದ್ದು ಅವಮಾನ. ಭಾನುವಾರ ಸಂಜೆ ಮನೆಯವರೊಡನೆ ಫೋನಿನಲ್ಲಿ ಮಾತಾಡಿ ಇಟ್ಟ ಮೇಲಿನದ್ದು ಬಿಕೋ ಎನ್ನುವ ಮನೆಯ ಒಂಟಿತನ. ತಿಂಗಳ ಕೊನೆಯದು ಸಾಲದ ಕಂತಿನ ದಿಗಿಲು. ಹೆಸರು ಸಿಕ್ಕಿದಾಗ ಮದ್ದೂ ಬೇರೆ ಬೇರೆಯಾಯಿತು. ಭಾನುವಾರದ ಫೋನಿನ ನಂತರ ಮನೆಯಲ್ಲಿ ಕೂಡದೆ ಒಬ್ಬ ಕನ್ನಡ ಗೆಳೆಯರ ಜೊತೆ ನಡೆಯಲು ಹೊರಟೆ. ಅವಮಾನಕ್ಕೆ ಮದ್ದು ಸಿಗಲಿಲ್ಲ, ಆದರೆ ಅದನ್ನು ಆ ಗೆಳೆಯರಿಗೆ ಹೇಳಬಹುದಾಯಿತು. ಎರಡು ವರ್ಷಗಳಲ್ಲಿ 13 ಕಿಲೋ ಇಳಿಯಿತು. ಅಂದಿನಿಂದ ತೂಕ 79ರಿಂದ 82 ಕಿಲೋದ ನಡುವೆ ನಿಂತಿದೆ. ಡಬ್ಬಿ ಈಗಲೂ ಬರುತ್ತದೆ, ಕಚೇರಿಯಲ್ಲಿ ಹಂಚುತ್ತೇನೆ, ನಾನೂ ಎರಡು ತಿನ್ನುತ್ತೇನೆ.

ಇಳಿಸುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ. ನಿಮ್ಮಲ್ಲಿ ಹಲವರು ಒಮ್ಮೆ ಹತ್ತು ಕಿಲೋ ಇಳಿಸಿ ಹನ್ನೆರಡು ಕಿಲೋ ಏರಿಸಿಕೊಂಡು, ತಮಗೆ ಮನೋಬಲವಿಲ್ಲವೆಂದು ಕೊರಗುತ್ತಿದ್ದೀರಿ. ಆ ಕೊರಗನ್ನು ಬಿಡಿ. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಠಿಣ ಪಥ್ಯದಿಂದ ಸರಾಸರಿ 13 ಕಿಲೋಗೂ ಮೀರಿ ಇಳಿಸಿಕೊಂಡವರ ಹಸಿವಿನ ಸ್ರಾವಗಳು ಒಂದು ವರ್ಷದ ಮೇಲೂ ಮೊದಲಿನ ಸ್ಥಿತಿಗೆ ಬಂದಿರಲಿಲ್ಲ. ದೇಹ ಹಸಿವಿನ ಕೂಗನ್ನು ಜೋರಾಗಿಯೇ ಇಟ್ಟಿತ್ತು. ಅಮೆರಿಕದ ದೂರದರ್ಶನ ಸ್ಪರ್ಧೆಯೊಂದರಲ್ಲಿ ಭಾರಿ ತೂಕ ಇಳಿಸಿದ 14 ಜನರನ್ನು ಆರು ವರ್ಷಗಳ ನಂತರ ಪರೀಕ್ಷಿಸಿದಾಗ, ಅವರ ದೇಹ ವಿಶ್ರಾಂತಿಯಲ್ಲಿ ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತಿತ್ತು. ಹೆಚ್ಚಿನವರ ತೂಕ ಬಹುಪಾಲು ಮರಳಿತ್ತು. ಬರಗಾಲ ಬಂದಿದೆಯೆಂದು ತಿಳಿದ ಮನೆಯಂತೆ ದೇಹ ಕೈ ಬಿಗಿಹಿಡಿಯುತ್ತದೆ. ಆದುದರಿಂದ ಮದುವೆಗೆ ಮುಂಚೆ ಒಂದೂವರೆ ತಿಂಗಳು ಉಪವಾಸ ಬೀಳುವ ಪದ್ಧತಿಗೆ ನಾನು ವಿರೋಧಿ. ತಿಂಗಳಿಗೆ ಅರ್ಧ ಕಿಲೋ ಸಾಕು. ಜೀವನವಿಡೀ ನಡೆಸಲಾಗದ ಪಥ್ಯವನ್ನು ಒಂದು ದಿನವೂ ಆರಂಭಿಸಬಾರದು.

ತೂಕ ಇಳಿಯದಿದ್ದರೂ ಲಾಭವಿದೆ ಎಂಬುದಕ್ಕೆ ನಮ್ಮ ನೆಲದ ಸಾಕ್ಷಿಯಿದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ನಡಿಗೆ, ಆಹಾರಗಳಲ್ಲಿ ಬದಲಾವಣೆ ಮಾಡಿಕೊಂಡ ಗುಂಪಿನ ತೂಕ ಹೇಳುವಷ್ಟು ಇಳಿಯಲಿಲ್ಲ. ಆದರೂ ಕಾಯಿಲೆಗೆ ತುತ್ತಾಗುವ ಸಂಭವ ಶೇಕಡ 28.5ರಷ್ಟು ಕಡಿಮೆಯಾಯಿತು. ತಕ್ಕಡಿಯ ಮುಳ್ಳು ಅಲ್ಲಾಡಲಿಲ್ಲವೆಂದು ನಡಿಗೆ ನಿಲ್ಲಿಸಿದವರು ಈ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು.

ಚುಚ್ಚುಮದ್ದಿನ ಬಗ್ಗೆ ಕೇಳುವಿರೆಂದು ಬಲ್ಲೆ. 2025ರ ಮಾರ್ಚಿನಲ್ಲಿ ಮೌಂಜಾರೋ, ಜೂನಿನಲ್ಲಿ ವೆಗೊವಿ ನಮ್ಮ ದೇಶದ ಮಾರುಕಟ್ಟೆಗೆ ಬಂದವು. ವೈದ್ಯರು ಬೇಕೆಂದವರು ತೆಗೆದುಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಆದರೆ ವೆಗೊವಿಯಲ್ಲಿರುವ ಸೆಮಾಗ್ಲುಟೈಡ್ ಔಷಧವನ್ನು ನಿಲ್ಲಿಸಿದವರಲ್ಲಿ ಇಳಿದ ತೂಕದ ಸುಮಾರು ಮೂರರಲ್ಲಿ ಎರಡು ಪಾಲು ಒಂದು ವರ್ಷದಲ್ಲಿ ಮರಳಿತೆಂದು ಅದರ ಪರೀಕ್ಷೆಯೇ ಹೇಳುತ್ತದೆ. ಮದ್ದು ಹಸಿವನ್ನು ತಗ್ಗಿಸುತ್ತದೆ. ಭಾನುವಾರದ ಸಂಜೆಗೆ ಅದರಲ್ಲಿ ಉತ್ತರವಿಲ್ಲ.

ಹಾಗೆಯೇ ಸಿರಿಧಾನ್ಯದ ಭಕ್ತರಿಗೂ ಒಂದು ಮಾತು. ಜೋಳದ ರೊಟ್ಟಿ, ಇಲ್ಲಿಯವರ ಭಾಕರಿ, ಝುಣಕ, ಸೊಪ್ಪಿನ ಪಲ್ಯ ಇವು ನಮಗೂ ವಿದರ್ಭಕ್ಕೂ ಸಮಾನವಾದ ಒಳ್ಳೆಯ ಊಟ. ರಾಗಿ ಬಿಸ್ಕತ್ತು ಮಾತ್ರ ಬಿಸ್ಕತ್ತೇ.

ಕೆಲವರ ಕಷ್ಟ ಇಷ್ಟಕ್ಕೆ ತೀರುವುದಲ್ಲ. ಅಲ್ಪಕಾಲದಲ್ಲಿ ಹಿಡಿತವಿಲ್ಲದೆ ಅಪಾರವಾಗಿ ತಿನ್ನುವುದು, ಗುಟ್ಟಾಗಿ ತಿನ್ನುವುದು, ತಿಂದು ವಾಂತಿ ಮಾಡಿಕೊಳ್ಳುವುದು, ಇವು ಕಾಯಿಲೆಗಳು, ಮನೋವೈದ್ಯರನ್ನು ಕಾಣಬೇಕು. ಹದಿಹರೆಯದ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ತೂಕದ ಬಗ್ಗೆ ಹಾಸ್ಯ ಮಾಡುವುದನ್ನು ದಯವಿಟ್ಟು ನಿಲ್ಲಿಸಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯ ಸಂಖ್ಯೆ 14416. ಅದರ ಕೇಂದ್ರ ಸಂಸ್ಥೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಹಲವು ಭಾರತೀಯ ಭಾಷೆಗಳಲ್ಲಿ ಸೇವೆಯಿದೆ. ಕನ್ನಡದಲ್ಲಿ ಮಾತನಾಡಬೇಕೆಂದು ಕೇಳಿನೋಡಿ.

ಇನ್ನು ಸಂಘದ ಮುಂದೆ ನನ್ನ ಕೋರಿಕೆ. ನಮ್ಮ ಕೂಟಗಳ ಹೋಳಿಗೆ, ಚಿರೋಟಿ, ಬಿಸಿಬೇಳೆಬಾತನ್ನು ನಾನು ದೂರುವುದಿಲ್ಲ. ಮೂರು ತಿಂಗಳಿಗೊಮ್ಮೆ ಸಾಲಾಗಿ ಕುಳಿತು ಉಂಡ ಊಟದಿಂದ ಯಾರೂ ದಪ್ಪಗಾಗಲಿಲ್ಲ. ಆಗಿದ್ದು ಉಳಿದ ತೊಂಬತ್ತು ರಾತ್ರಿಗಳಿಂದ. ಆದರೆ ಗಮನಿಸಿ, ನಮ್ಮ ಕೂಟದಲ್ಲಿ ಸ್ವಾಗತ, ಭಾಷಣ, ವಂದನಾರ್ಪಣೆಗಳಿಗೆ ಎರಡು ಗಂಟೆ, ಊಟಕ್ಕೆ ಒಂದು ಗಂಟೆ. ಒಬ್ಬರೊಡನೊಬ್ಬರು ಮಾತನಾಡುವುದಕ್ಕೆ ಉಳಿಯುವುದು ಚಪ್ಪಲಿ ಹುಡುಕುವ ಹತ್ತು ನಿಮಿಷ. ಪ್ರತಿ ಭಾನುವಾರ, ಯಾವ ಭಾಷಣವೂ ಇಲ್ಲದೆ, ಒಂದು ಗಂಟೆ ಕನ್ನಡದಲ್ಲಿ ಮಾತಾಡುತ್ತಾ ನಡೆಯುವ ಗುಂಪೊಂದನ್ನು ಸಂಘ ಆರಂಭಿಸಬೇಕು. ಮೇ ತಿಂಗಳಲ್ಲಿ ಇಲ್ಲಿಯ ಬಿಸಿಲು 45 ಡಿಗ್ರಿ ದಾಟುತ್ತದೆ, ಆಗ ಬೆಳಗಿನ ಐದೂವರೆಗೆ ಹೊರಡಬೇಕು. ಮಿಕ್ಕ ದಿನಗಳಲ್ಲಿ ಸಂಜೆಯೇ ಮೇಲು, ಏಕೆಂದರೆ ಸಂಜೆಯೇ ಕಷ್ಟದ ಹೊತ್ತು. ಹೆದ್ದಾರಿ ಬೇಡ. ಅದು ಹೈದರಾಬಾದಿನ ಮೇಲೆ ನೇರ ಬೆಂಗಳೂರಿಗೆ ಹೋಗುತ್ತದೆಂಬ ಮಮತೆ ನಮಗೆಲ್ಲ ಇದ್ದರೂ, ಲಾರಿಗಳಿಗೆ ಆ ಮಮತೆಯಿಲ್ಲ. ಕೈಗಾರಿಕಾ ವಸಾಹತಿನ ಒಳರಸ್ತೆಗಳು ರಜೆಯ ದಿನ ಖಾಲಿಯಿರುತ್ತವೆ. ಪಾಳಿಯವರಿಗೆ ಬೇರೆ ಹೊತ್ತು ಗೊತ್ತುಮಾಡಬೇಕು. ಹೊಸದಾಗಿ ಬಂದ ಒಂಟಿ ಯುವಕ ಯುವತಿಯರನ್ನು ಮೊದಲು ಕರೆಯಬೇಕು.

ಅಧ್ಯಕ್ಷರು ಎರಡನೆಯ ಸಲ ಗಡಿಯಾರ ನೋಡಿದ್ದಾರೆ, ಅಡಿಗೆಮನೆಯಿಂದ ಒಗ್ಗರಣೆಯ ವಾಸನೆಯೂ ಬರುತ್ತಿದೆ. ನಡಿಗೆಗೆ ಬರುವವರು ಕಾರ್ಯದರ್ಶಿಗಳ ಬಳಿ ಹೆಸರು ಬರೆಸಿ.